ಕತ್ತಲೆಯಲ್ಲಿ ಬೆಳಗುವ ಕಲ್ಲುಗಳಿಗೆ ಹೆಸರಿಡುವ ಬಗೆ



ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ 42 ಕಲ್ಲುಗಳಿರುವುದು ನಿಮ್ಮಲ್ಲಿ ಬಹುಮಂದಿಗೆ ತಿಳಿದ ಸಂಗತಿಯೇ. ಅವುಗಳಲ್ಲಿ ಹಣ ಕೊಟ್ಟು ಕೊಂಡುದು ಒಂದೂ ಇಲ್ಲ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಗಳಿಂದ ಹೊಟ್ಟೆಪಾಡಿಗಾಗಿ ಪುಣೆಗೆ ಬಂದು, ಕಲ್ಲುಗಣಿಗಳಲ್ಲಿಯೂ ಖಡಿ ಮಷಿನುಗಳಲ್ಲಿಯೂ ದುಡಿಯುವ ನಿಮ್ಮ ತಂದೆತಾಯಿಗಳು, ಅಣ್ಣಂದಿರು, ಸೋದರಮಾವಂದಿರು ಟವೆಲಿನ ತುದಿಯಲ್ಲಿ ಕಟ್ಟಿ ತಂದುಕೊಟ್ಟ ಕಲ್ಲುಗಳು ಅವು. ನಾನು ಮೂಲತಃ ಕನ್ನಡದ ಅಧ್ಯಾಪಕ, ಬಂಗಾರಪೇಟೆಯ ಬಳಿಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದವನು, ಭೂವಿಜ್ಞಾನದ ಪದವೀಧರನಲ್ಲ. ವಿಜ್ಞಾನದ ಅಧ್ಯಾಪಕರು ಸಾಲದೆ ಹೋದುದರಿಂದ ಎಂಟನೆಯ ತರಗತಿಯ ವಿಜ್ಞಾನವು ನನ್ನ ಪಾಲಿಗೆ ಬಂದಿತು. ಅದರ ಹಿಂದೆಯೇ ಈ ಕಪಾಟಿನ ಬೀಗದ ಕೈಯೂ ಬಂದಿತು.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಒಂದು ನೇರಳಾತೀತ ದೀಪವನ್ನು ಕೊಡುಗೆಯಾಗಿ ಕೊಟ್ಟರು. ಉಗ್ರಾಣದ ಕಿಟಕಿಗೆ ಕಂಬಳಿ ಹೊದಿಸಿ ಆ ದೀಪವನ್ನು ಹೊತ್ತಿಸಿದಾಗ, ಹಗಲಿನಲ್ಲಿ ಬೂದಿಯಂತೆ ಬಿದ್ದಿದ್ದ ಕಲ್ಲುಗಳಲ್ಲಿ ಒಂದು ಹಸಿರಾಗಿ, ಒಂದು ತಿಳಿಗುಲಾಬಿಯಾಗಿ, ಇನ್ನೊಂದು ಕೆನೆಯ ಬಣ್ಣವಾಗಿ ಬೆಳಗಿದುದನ್ನು ಕಂಡು ನೀವು ಹಾಕಿದ ಕೂಗು ಮುಖ್ಯಾಧ್ಯಾಪಕರ ಕೋಣೆಯವರೆಗೂ ಕೇಳಿಸಿತ್ತು. ಅದು ಸಹಜವೇ. ಆದರೆ ಮರುದಿನ ಬಂದು ನೋಡಿದರೆ ಒಂದೊಂದು ಕಲ್ಲಿನ ಕೆಳಗೂ ಒಂದೊಂದು ಚೀಟಿ. ಒಂದೊಂದು ಚೀಟಿಯ ಮೇಲೂ ಒಂದು ದೊಡ್ಡ ಹೆಸರು. ಮೊಬೈಲಿನಲ್ಲಿ ಕಂಡ ಚಿತ್ರಗಳ ಬಣ್ಣಕ್ಕೂ ನಮ್ಮ ಕಲ್ಲುಗಳ ಬಣ್ಣಕ್ಕೂ ಹೊಂದಿಕೆ ಮಾಡಿ, ಒಂದೇ ರಾತ್ರಿಯಲ್ಲಿ ಎಲ್ಲಕ್ಕೂ ನಾಮಕರಣ ಮುಗಿದುಹೋಗಿತ್ತು! ಈ ಲೇಖನವನ್ನು ಬರೆಯಲು ಕಾರಣ ಆ ಚೀಟಿಗಳೇ. ಬೆಳಗುವ ಬಣ್ಣವು ಒಬ್ಬ ಸಾಕ್ಷಿ. ಆದರೆ ಅದೊಂದೇ ಸಾಕ್ಷಿಯ ಮಾತಿನ ಮೇಲೆ ಕಲ್ಲಿಗೆ ಹೆಸರಿಡಲಾಗದು. ಏಕೆಂಬುದನ್ನು ಹೇಳುವ ಮೊದಲು, ಕಲ್ಲು ಬೆಳಗುವುದಾದರೂ ಹೇಗೆ ಎಂಬುದನ್ನು ಸ್ವಲ್ಪ ನೋಡೋಣ.

ಕಾಮನಬಿಲ್ಲಿನಲ್ಲಿ ನೇರಳೆಯ ಆಚೆಗೆ ನಮ್ಮ ಕಣ್ಣಿಗೆ ಕಾಣದ ಕಿರಣಗಳುಂಟು. ಅವೇ ನೇರಳಾತೀತ ಕಿರಣಗಳು. ಕೆಲವು ವಸ್ತುಗಳು ಈ ಕಾಣದ ಕಿರಣವನ್ನು ನುಂಗಿ, ಕಾಣುವ ಬೆಳಕನ್ನು ಹೊರಗೆ ಬಿಡುತ್ತವೆ. ನೂರು ರೂಪಾಯಿಯ ನೋಟನ್ನು ಮುರಿಸಿ, ಬಸ್ಸಿನ ಚಾರ್ಜು ಕಳೆದು ಉಳಿದ ಚಿಲ್ಲರೆಯನ್ನು ಹಿಂದಕ್ಕೆ ಪಡೆಯುವಂತೆ ಇದು. ಒಳಗೆ ಹೋದ ಶಕ್ತಿಯಲ್ಲಿ ಒಂದಂಶ ಕಲ್ಲಿನೊಳಗೆ ಶಾಖವಾಗಿ ಖರ್ಚಾಗುತ್ತದೆ, ಉಳಿದುದು ಕಡಿಮೆ ಶಕ್ತಿಯ ಬೆಳಕಾಗಿ ಹೊರಬರುತ್ತದೆ. ಕಡಿಮೆ ಶಕ್ತಿಯೆಂದರೆ ಹೆಚ್ಚು ಉದ್ದದ ತರಂಗ; ಆದುದರಿಂದಲೇ ಅದು ನಮ್ಮ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಪ್ರತಿದೀಪ್ತಿಯೆಂದು ಹೆಸರು. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ 1852ರಲ್ಲಿ ಇದನ್ನು ವಿವರಿಸಿ, ಫ್ಲೋರೈಟ್ ಎಂಬ ಖನಿಜದ ಹೆಸರಿನಿಂದ ಇದಕ್ಕೆ ಇಂಗ್ಲಿಷಿನಲ್ಲಿ ಫ್ಲೂರೆಸೆನ್ಸ್ ಎಂದು ಹೆಸರಿಟ್ಟನು. ತಮಾಷೆಯೇನೆಂದರೆ, ಹೆಸರನ್ನು ಕೊಟ್ಟ ಆ ಫ್ಲೋರೈಟಿನ ತುಣುಕುಗಳಲ್ಲಿ ಎಷ್ಟೋ ತುಣುಕುಗಳು ದೀಪದ ಕೆಳಗೆ ಬೆಳಗುವುದೇ ಇಲ್ಲ.

ಏಕೆ ಬೆಳಗುವುದಿಲ್ಲ? ಬಹುತೇಕ ಖನಿಜಗಳಲ್ಲಿ ಬೆಳಗುವುದು ಖನಿಜದ ಮುಖ್ಯ ಧಾತುವಲ್ಲ, ಅದರೊಳಗೆ ಅಲ್ಪಸ್ವಲ್ಪ ಸೇರಿಕೊಂಡ ಪರಧಾತು. ಕ್ಯಾಲ್ಸೈಟಿನಲ್ಲಿ ಸ್ವಲ್ಪ ಮ್ಯಾಂಗನೀಸ್ ಸೇರಿ, ಅದಕ್ಕೆ ಸೀಸದಂತಹ ಮತ್ತೊಂದು ಧಾತು ನೆರವಾದರೆ ಅದು ಕೆಂಪಾಗಿ ಬೆಳಗಬಹುದು. ಕಬ್ಬಿಣ ಸೇರಿದರೋ, ಬೆಳಕು ನಂದಿಹೋಗುತ್ತದೆ. ನಾವು ನಿಂತಿರುವ ಈ ದಖ್ಖನದ ಕಪ್ಪುಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾರಸ ಗಟ್ಟಿಯಾದುದು. ಅದರಲ್ಲಿ ಕಬ್ಬಿಣ ಧಾರಾಳವಾಗಿದೆ. ಆದ್ದರಿಂದ ಕಪ್ಪುಕಲ್ಲು ದೀಪದ ಕೆಳಗೆ ಕಪ್ಪಾಗಿಯೇ ಇರುತ್ತದೆ. ಅದರ ಹೊಟ್ಟೆಯೊಳಗಿನ ಗುಳ್ಳೆಗಳಲ್ಲಿ ನೀರು ಇಳಿದು, ನಿಧಾನವಾಗಿ ಕಟ್ಟಿದ ಬಿಳಿಯ, ಹಸಿರು, ಜೇನುಬಣ್ಣದ ಹರಳುಗಳಲ್ಲಿ ಮಾತ್ರ ಕೆಲವು ಬೆಳಗುತ್ತವೆ. ನಿಮ್ಮ ತಂದೆಯವರು ಖಾಣಿಯಲ್ಲಿ ಸುತ್ತಿಗೆಯಿಂದ ಒಡೆದಾಗ ತೆರೆದುಕೊಳ್ಳುವುದು ಆ ಗುಳ್ಳೆಗಳೇ.

ಈಗ ದೀಪದ ವಿಚಾರ. ಎಲ್ಲ ನೇರಳಾತೀತ ದೀಪಗಳೂ ಒಂದೇ ಅಲ್ಲ. ಅಂಗಡಿಗಳಲ್ಲಿ ಕಳ್ಳನೋಟು ಪರೀಕ್ಷಿಸಲೆಂದು ಮಾರುವ ಅಗ್ಗದ ಟಾರ್ಚುಗಳಲ್ಲಿ ಬಹಳಷ್ಟು 395 ನ್ಯಾನೊಮೀಟರಿನ ಆಸುಪಾಸಿನವು. ಅವು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಧಾರಾಳವಾಗಿ ಚೆಲ್ಲುತ್ತವೆ. ಆ ನೇರಳೆ ಬೆಳಕು ಬಿಳಿಯ ಕಲ್ಲಿನ ಮೇಲೆ ಬಿದ್ದು ಮರಳಿದರೆ ಕಲ್ಲು ನೇರಳೆಯಾಗಿ ಕಾಣುವುದು. ಅದು ಪ್ರತಿದೀಪ್ತಿಯಲ್ಲ, ಬರಿಯ ಪ್ರತಿಫಲನ. ಕಳೆದ ವರ್ಷದ ಚೀಟಿಗಳಲ್ಲಿ ‘ನೇರಳೆ ಬೆಳಕಿನ ಫ್ಲೋರೈಟ್’ ಎಂದು ಬರೆದಿದ್ದ ನಾಲ್ಕೂ ಕಲ್ಲುಗಳ ಕಥೆ ಇದೇ. ಅವನ್ನು ನೋಡಿದ್ದು ಶಾಲೆಯ ದೀಪದಿಂದಲ್ಲ, ಯಾರದೋ ಮನೆಯ ಟಾರ್ಚಿನಿಂದ. ಒಳ್ಳೆಯ ದೀಪಕ್ಕೆ ಕಪ್ಪು ಗಾಜಿನ ಶೋಧಕವಿರುತ್ತದೆ. ಅದು ಕಾಣುವ ಬೆಳಕನ್ನು ತಡೆದು ಕಾಣದ ಕಿರಣವನ್ನು ಮಾತ್ರ ಬಿಡುತ್ತದೆ. ಇಂತಹ ಗಾಜನ್ನು 1903ರಲ್ಲಿ ಕಂಡುಹಿಡಿದವನು ಅಮೆರಿಕದ ರಾಬರ್ಟ್ ವಿಲಿಯಮ್ಸ್ ವುಡ್.

ಕಲ್ಲು ನೋಡುವವರಿಗೆ ಬೇಕಾದ ದೀಪಗಳು ಮುಖ್ಯವಾಗಿ ಎರಡು: 365 ನ್ಯಾನೊಮೀಟರಿನ ದೀರ್ಘತರಂಗದ್ದು, 254 ನ್ಯಾನೊಮೀಟರಿನ ಹ್ರಸ್ವತರಂಗದ್ದು. ಒಂದೇ ಕಲ್ಲು ಒಂದರ ಕೆಳಗೆ ಬೆಳಗಿ ಇನ್ನೊಂದರ ಕೆಳಗೆ ಸುಮ್ಮನಿರಬಹುದು. ಆದಕಾರಣ ‘ಹಸಿರಾಗಿ ಬೆಳಗುತ್ತದೆ’ ಎಂದಷ್ಟೇ ಬರೆದರೆ ಅದು ಅರ್ಧ ಮಾತು. ಯಾವ ದೀಪದ ಕೆಳಗೆ ಎಂಬುದನ್ನೂ ಬರೆಯಬೇಕು. ನಮ್ಮ ಶಾಲೆಯ ದೀಪದಲ್ಲಿ ಎರಡೂ ಇವೆ. ಹ್ರಸ್ವತರಂಗವನ್ನು ಗುರುತಿಸುವ ಒಂದು ಸುಲಭ ಉಪಾಯವನ್ನು ನೀವು ಕಂಡೇ ಇದ್ದೀರಿ: ದೀಪಕ್ಕೂ ಕಲ್ಲಿಗೂ ನಡುವೆ ಕಿಟಕಿಯ ಗಾಜಿನ ತುಂಡನ್ನು ಹಿಡಿದರೆ ಹ್ರಸ್ವತರಂಗದಿಂದ ಹುಟ್ಟಿದ ಬೆಳಕು ಆರಿಹೋಗುತ್ತದೆ, ದೀರ್ಘತರಂಗದಿಂದ ಹುಟ್ಟಿದುದು ಬಹುಮಟ್ಟಿಗೆ ಉಳಿಯುತ್ತದೆ. ಸಾಧಾರಣ ಗಾಜು ಹ್ರಸ್ವತರಂಗವನ್ನು ದಾಟಗೊಡುವುದಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. 254 ನ್ಯಾನೊಮೀಟರಿನ ಕಿರಣವು ಕ್ರಿಮಿಗಳನ್ನು ಕೊಲ್ಲಲು ಆಸ್ಪತ್ರೆಗಳಲ್ಲಿ ಬಳಸುವ ಕಿರಣ. ಅದು ಕಣ್ಣಿಗೆ ಬಿದ್ದರೆ ಕೆಲವು ಗಂಟೆಗಳ ಮೇಲೆ ಕಣ್ಣಿನಲ್ಲಿ ಮರಳು ಹಾಕಿದಂತೆ ಉರಿಯುವುದು, ಚರ್ಮವನ್ನೂ ಸುಡುವುದು. ಕನ್ನಡಕ ಧರಿಸದೆ, ಹಿರಿಯರ ನೆರವಿಲ್ಲದೆ ಆ ದೀಪವನ್ನು ಮುಟ್ಟತಕ್ಕದ್ದಲ್ಲ. ದೀಪದ ಮುಖವನ್ನು ಯಾವಾಗಲೂ ಕೆಳಕ್ಕೆ, ಕಲ್ಲಿನ ಕಡೆಗೇ ಹಿಡಿಯಬೇಕು. ನಾನು ಬೀಗದ ಕೈಯನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಜಿಪುಣತನದಿಂದಲ್ಲ.

ದೀಪ ಸರಿಯಿದ್ದರೂ ಸಾಲದು, ಕಲ್ಲು ಶುಚಿಯಾಗಿರಬೇಕು. ಕತ್ತಲೆಯ ಕೋಣೆಯಲ್ಲಿ ನಿಮ್ಮ ಬಿಳಿಯ ಅಂಗಿ ನೀಲಿಯಾಗಿ ಝಗಝಗಿಸಿದುದು ನೆನಪಿದೆಯಷ್ಟೆ? ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪನ್ನು ಹೆಚ್ಚಿಸಲು ಬೆರೆಸುವ ಪದಾರ್ಥವು ಹಾಗೆ ಬೆಳಗುತ್ತದೆ. ನಮ್ಮ ನೋಟುಗಳ ಮೇಲಿನ ಸಂಖ್ಯೆಗಳೂ ಅಂತಹ ಶಾಯಿಯಲ್ಲಿ ಅಚ್ಚಾದವೇ. ಅರಿಸಿನ ತಾಗಿದ ಬೆರಳು ಹಳದಿಯಾಗಿ ಬೆಳಗುವುದು. ಯಂತ್ರದ ಎಣ್ಣೆ ನೀಲಿಯಾಗಿಯೋ ಹಸಿರುಮಿಶ್ರಿತ ಬಿಳಿಯಾಗಿಯೋ ಬೆಳಗುವುದು. ಖಾಣಿಯಿಂದ ಬಂದ ಕಲ್ಲಿಗೆ ಕಂಪ್ರೆಸರಿನ ಎಣ್ಣೆ ಹತ್ತಿರುವುದು ಸಾಮಾನ್ಯ. ಅದನ್ನು ಮನೆಯಲ್ಲಿ ಸೋಪಿನ ಪುಡಿಯಿಂದ ತಿಕ್ಕಿ ತೊಳೆದು, ಚೆನ್ನಾಗಿ ಜಾಲಿಸದೆ ಒಣಗಿಸಿದರೆ ಎಣ್ಣೆ ಹೋಗಿ ಸೋಪು ಉಳಿಯಿತು! ನಮ್ಮ 9ನೆಯ ಕಲ್ಲು ಇಂತಹುದೇ. ಅದರ ಬಿರುಕುಗಳಲ್ಲಿ ಮಾತ್ರ ನೀಲಿ ಗೆರೆಗಳು ಮಿನುಗುತ್ತಿದ್ದುವು. ಬಿಸಿನೀರಿನಲ್ಲಿ ನಾಲ್ಕು ಸಲ ಜಾಲಿಸಿದ ಮೇಲೆ ಗೆರೆಗಳೇ ಮಾಯವಾದುವು.

ಅಂಟೂ ಹೀಗೆಯೇ. ಮುರಿದ ಹರಳನ್ನು ಅಂಟಿಸಿ, ಅಖಂಡವೆಂದು ಮಾರುವವರುಂಟು. ಅನೇಕ ಬಗೆಯ ಅಂಟುಗಳು ನೇರಳಾತೀತದ ಕೆಳಗೆ ನೀಲಿಮಿಶ್ರಿತ ಬಿಳಿಯಾಗಿ ಬೆಳಗುವುದರಿಂದ ಸಂದಿಯು ದಾರದ ಎಳೆಯಂತೆ ಎದ್ದು ಕಾಣುವುದು. ಕಲ್ಲಿಗೆ ಹೆಸರಿಡುವುದಕ್ಕಿಂತ ಇಂತಹ ಮೋಸವನ್ನು ಹಿಡಿಯುವುದಕ್ಕೇ ಈ ದೀಪವು ಹೆಚ್ಚು ಉಪಯುಕ್ತವೆಂದು ನನಗೆ ಅನೇಕ ಸಲ ತೋರಿದೆ.

ಇನ್ನು ಹಸಿರು ಕಲ್ಲಿನ ವಿಷಯ. ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತಂದ ಬೂದುಬಿಳಿಯ ಕಲ್ಲು ಹ್ರಸ್ವತರಂಗದ ಕೆಳಗೆ ಎಳೆಯ ಬಾಳೆಲೆಯಂತೆ ಹಸಿರಾಗಿ ಬೆಳಗಿತು. ಅವಳು ಚೀಟಿಯ ಮೇಲೆ ‘ವಿಲ್ಲೆಮೈಟ್’ ಎಂದು ಬರೆದಳು. ಅವಳನ್ನು ತಪ್ಪೆನ್ನಲಾಗದು. ಹಸಿರಾಗಿ ಬೆಳಗುವ ಖನಿಜವೆಂದು ಹುಡುಕಿದವರಿಗೆ ಮೊದಲು ಸಿಕ್ಕುವ ಚಿತ್ರಗಳೆಲ್ಲವೂ ಅಮೆರಿಕದ ನ್ಯೂಜರ್ಸಿಯ ಫ್ರ್ಯಾಂಕ್ಲಿನ್ ಎಂಬ ಊರಿನವು. ಅಲ್ಲಿನ ಸತುವಿನ ಗಣಿ 1954ರಲ್ಲಿ ಮುಚ್ಚಿತು; ಪಕ್ಕದ ಸ್ಟರ್ಲಿಂಗ್ ಹಿಲ್ ಗಣಿ 1986ರಲ್ಲಿ ಮುಚ್ಚಿತು. ಹಸಿರಾಗಿ ಬೆಳಗುವ ವಿಲ್ಲೆಮೈಟ್, ಕೆಂಪಾಗಿ ಬೆಳಗುವ ಕ್ಯಾಲ್ಸೈಟ್ ಎರಡೂ ಒಂದೇ ತುಂಡಿನಲ್ಲಿ ಕೂಡಿರುವ ಆ ಊರಿನ ಕಲ್ಲುಗಳು ಲೋಕಪ್ರಸಿದ್ಧವಾಗಿವೆ. ಆದರೆ ವಿಲ್ಲೆಮೈಟ್ ಎಂಬುದು ಸತುವಿನ ಖನಿಜ. ಪುಣೆಯ ಕಪ್ಪುಕಲ್ಲಿನ ಗುಳ್ಳೆಯೊಳಗೆ ಸತುವಿನ ಅದುರು ಎಲ್ಲಿಂದ ಬರಬೇಕು? ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಕಲ್ಲು ಎಲ್ಲಿಯದು, ಇದರ ನೆರೆಹೊರೆಯಲ್ಲಿ ಯಾವ ಕಲ್ಲುಗಳಿದ್ದುವು?

ಆಮೇಲೆ ಗಟ್ಟಿತನದ ಪರೀಕ್ಷೆ. ಫ್ರೀಡ್ರಿಕ್ ಮೋಸ್ 1812ರಲ್ಲಿ ಏರ್ಪಡಿಸಿದ ಮಾನದಲ್ಲಿ ಕ್ಯಾಲ್ಸೈಟಿಗೆ 3, ಫ್ಲೋರೈಟಿಗೆ 4, ಬೆಣಚುಕಲ್ಲಿಗೆ 7. ವಿಲ್ಲೆಮೈಟಿನದು ಸುಮಾರು 5.5, ಅದು ಗಾಜಿನಷ್ಟೇ ಗಟ್ಟಿ. ನಮ್ಮ ಹುಡುಗಿಯ ಕಲ್ಲಿನ ಮೂಲೆಯನ್ನು ಗಾಜಿನ ಮೇಲೆ ಎಳೆದರೆ ಆಳವಾದ ಗೀರು ಬಿದ್ದಿತು. ಉಕ್ಕಿನ ಚಾಕುವಿಗೆ ಕಲ್ಲು ಜಗ್ಗಲಿಲ್ಲ. ಮುರಿದ ಮೈ ಮೇಣದಂತೆ ನುಣುಪಾಗಿತ್ತು. ಅದು ಬೆಣಚುಕಲ್ಲಿನ ಜಾತಿಗೇ ಸೇರಿದ ಕ್ಯಾಲ್ಸೆಡೊನಿ. ದಖ್ಖನದ ಕಲ್ಲಿನಲ್ಲಿ ಅದು ಹೇರಳ. ಅದರೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿದ ಯುರೇನಿಯಂ, ಆಮ್ಲಜನಕದೊಡನೆ ಕೂಡಿ ಯುರೇನಿಲ್ ರೂಪದಲ್ಲಿದ್ದಾಗ ಹಸಿರಾಗಿ ಬೆಳಗುವುದುಂಟು. ಯುರೇನಿಯಂ ಎಂದೊಡನೆ ಹಿಂದಿನ ಬೆಂಚಿನವರು ಎದ್ದು ಬಾಗಿಲ ಕಡೆಗೆ ಹೊರಟರು! ಆ ಅತ್ಯಲ್ಪ ಪ್ರಮಾಣಕ್ಕೆ ಹೆದರಬೇಕಾದುದಿಲ್ಲ. ಹುಡುಗಿಗೆ ಮಾತ್ರ ಬಹಳ ಬೇಸರವಾಯಿತು. ‘ವಿಲ್ಲೆಮೈಟ್’ ಎಂಬ ಅರಸನ ಹೆಸರಿನ ಕಲ್ಲು ಹೋಗಿ (ನೆದರ್ಲೆಂಡಿನ ದೊರೆ ಮೊದಲನೆಯ ವಿಲ್ಲೆಮನ ನೆನಪಿಗೆ ಇಟ್ಟ ಹೆಸರು ಅದು) ಓಣಿಯ ಕಲ್ಲು ಬಂದಿತಲ್ಲಾ ಎಂದು. ನನಗೆ ಹಾಗೆ ತೋರಲಿಲ್ಲ. ಅಮೆರಿಕದ ಕಲ್ಲಿನ ಹೆಸರನ್ನು ಹೊತ್ತು ಕುಳಿತ ಪುಣೆಯ ಕಲ್ಲಿಗಿಂತ, ಪುಣೆಯದೇ ಹೆಸರಿನಿಂದ ಕುಳಿತ ಪುಣೆಯ ಕಲ್ಲು ಹೆಚ್ಚು ಮಾತನಾಡುತ್ತದೆ.

ಹಸಿರು ಬಣ್ಣವು ಎರಡು ಖನಿಜಗಳಿಗೆ ಸಮಾನವಾದರೆ, ಕ್ಯಾಲ್ಸೈಟಿನ ರೀತಿ ಇದಕ್ಕೆ ವಿರುದ್ಧ. ಒಂದೇ ಖನಿಜಕ್ಕೆ ಹಲವು ಬಣ್ಣ. ನಮ್ಮ ಕಪಾಟಿನ ಮೂರು ಕ್ಯಾಲ್ಸೈಟುಗಳಲ್ಲಿ ಒಂದು ತಿಳಿಗುಲಾಬಿ, ಒಂದು ಕೆನೆಬಣ್ಣ, ಒಂದು ಬೆಳಗುವುದೇ ಇಲ್ಲ. ಕೆನೆಬಣ್ಣದ್ದು ದೀಪವನ್ನು ಆರಿಸಿದ ಮೇಲೂ ಒಂದೆರಡು ಕ್ಷಣ ಮಂಕಾಗಿ ಬೆಳಗುತ್ತಿರುವುದು. ಅದಕ್ಕೆ ಸ್ಫುರದೀಪ್ತಿಯೆಂದು ಹೆಸರು. ಅದನ್ನು ಕಾಣಬೇಕಾದರೆ ದೀಪ ಉರಿಯುತ್ತಿರುವಾಗ ಕಣ್ಣು ಮುಚ್ಚಿಕೊಂಡಿದ್ದು, ಗೆಳೆಯನು ದೀಪವನ್ನಾರಿಸಿದೆನೆಂದು ಹೇಳಿದೊಡನೆ ತೆರೆಯಬೇಕು. ತೆರೆದ ಕಣ್ಣಿನಿಂದ ಕಾದವರಿಗೆ ಅದು ಕಾಣಲೇ ಇಲ್ಲ. ಕಣ್ಣು ಮುಚ್ಚಿದ್ದವರೆಲ್ಲರಿಗೂ ಕಂಡಿತು!

ಕಳೆದ ದೀಪಾವಳಿಯ ರಜೆಗೆ ಸ್ವಲ್ಪ ಮೊದಲು ಒಂದು ಭಾನುವಾರ ಸಂಜೆ, ನಿಮ್ಮಲ್ಲಿಯೇ ಒಬ್ಬನ ತಂದೆಯವರು ಶಾಲೆಗೆ ಬಂದರು. ಸುರಪುರದ ಕಡೆಯವರು, ನಾಸಿಕದ ಕಡೆಯ ಖಾಣಿಯೊಂದರಲ್ಲಿ ಆರು ತಿಂಗಳಿಂದ ಕೆಲಸದಲ್ಲಿದ್ದರು. ಟವೆಲಿನೊಳಗೆ ಹಳೆಯ ಪತ್ರಿಕೆ, ಪತ್ರಿಕೆಯೊಳಗೆ ಹತ್ತಿ, ಹತ್ತಿಯೊಳಗೆ ನಿಂಬೆಹಣ್ಣಿನ ಗಾತ್ರದ ಜೇನುಬಣ್ಣದ ಒಂದು ಬಿಡಿ ಹರಳು. ನಾಸಿಕದ ಕಲ್ಲುಗಳಲ್ಲಿ ಪೊವೆಲೈಟ್ ಎಂಬ ಅಪರೂಪದ ಖನಿಜವುಂಟು. ಅದು ಕ್ಯಾಲ್ಸಿಯಂ ಮತ್ತು ಮಾಲಿಬ್ಡಿನಂ ಕೂಡಿದುದು. ಹ್ರಸ್ವತರಂಗದ ಕೆಳಗೆ ಹಳದಿಮಿಶ್ರಿತ ಕೆನೆಬಣ್ಣವಾಗಿ ಪ್ರಖರವಾಗಿ ಬೆಳಗುವುದು. ಲೋಕದ ಸಂಗ್ರಾಹಕರೆಲ್ಲ ಅದಕ್ಕಾಗಿ ಕೈಚಾಚುತ್ತಾರೆ. ಖಾಣಿಗೆ ಬರುವ ದಲ್ಲಾಳಿಯೊಬ್ಬನು ‘ದೀಪದ ಕೆಳಗೆ ಹಳದಿಯಾಗಿ ಬೆಳಗಿದರೆ ಅದು ಪೊವೆಲೈಟೇ’ ಎಂದು ಅವರಿಗೆ ಹೇಳಿದ್ದನಂತೆ. ಮಗನಿಂದ ನಮ್ಮ ದೀಪದ ಸುದ್ದಿ ತಿಳಿದು ನೇರವಾಗಿ ಬಂದಿದ್ದರು.

ದೀಪವನ್ನು ಹೊತ್ತಿಸಿದೆವು. ಹರಳು ಕೆನೆಹಳದಿಯಾಗಿ ಬೆಳಗಿತು. ಅವರು ಉಸಿರು ಬಿಗಿಹಿಡಿದು ಕೇಳಿದರು: “ಹೌದೇನ್ರಿ ಸರ, ಇದು ಆ ದೊಡ್ಡ ರೊಕ್ಕದ ಕಲ್ಲೇ ಏನ್ರಿ?”

ಮಗನ ಮುಂದಿನ ವರ್ಷದ ಖರ್ಚು, ಊರಿನಲ್ಲಿ ಸೋರುವ ಮನೆಯ ಮಾಳಿಗೆ, ಎಲ್ಲವೂ ಆ ಪ್ರಶ್ನೆಯೊಳಗಿತ್ತು. ‘ಹೌದು’ ಎನ್ನುವುದು ಆ ಹೊತ್ತಿನಲ್ಲಿ ಎಷ್ಟು ಸುಲಭವಾಗಿತ್ತು! ಆದರೆ ಕ್ಯಾಲ್ಸೈಟೂ ಹಾಗೆಯೇ ಬೆಳಗಬಲ್ಲದೆಂಬುದನ್ನು ನಮ್ಮ ಕಪಾಟೇ ಕಲಿಸಿತ್ತು. “ಇನ್ನೂ ಎರಡು ಮೂರು ಪರೀಕ್ಷೆ ಮಾಡೋಣ, ಅಣ್ಣಾವರೆ, ಕುಳಿತುಕೊಳ್ಳಿರಿ” ಎಂದೆ.

ಮೊದಲು ತೂಕ. ಅಡಿಗೆಯ ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹರಳು 81 ಗ್ರಾಂ ತೂಗಿತು. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಹರಳನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿದೆವು. ತಕ್ಕಡಿ 30 ಗ್ರಾಂ ತೋರಿಸಿತು. ಅಂದರೆ ಹರಳು ತನ್ನ ಜಾಗದಿಂದ ಸರಿಸಿದ ನೀರು 30 ಗ್ರಾಂ. 81ನ್ನು 30ರಿಂದ ಭಾಗಿಸಿದರೆ 2.7. ಕ್ಯಾಲ್ಸೈಟಿನ ಸಾಪೇಕ್ಷ ಸಾಂದ್ರತೆ 2.71, ಪೊವೆಲೈಟಿನದು 4.2ಕ್ಕೂ ಮೇಲೆ. ಪೊವೆಲೈಟೇ ಆಗಿದ್ದರೆ ಅಷ್ಟೇ ಗಾತ್ರದ ಹರಳು 126 ಗ್ರಾಮಿಗೂ ಮೇಲೆ ತೂಗಬೇಕಾಗಿತ್ತು. ಕೊನೆಗೆ, ಹರಳಿನ ಬುಡದಲ್ಲಿ ಕಾಣದ ಮೂಲೆಯೊಂದಕ್ಕೆ, ಅವರ ಅನುಮತಿ ಪಡೆದು, ನೀರು ಬೆರೆಸಿದ ಹೈಡ್ರೊಕ್ಲೋರಿಕ್ ಆಮ್ಲದ ಒಂದೇ ಹನಿಯನ್ನು ಮುಟ್ಟಿಸಿದೆ. ಸೋಡಾದಂತೆ ನೊರೆ ಉಕ್ಕಿತು. ಪೊವೆಲೈಟ್ ನೊರೆಯುಕ್ಕಿಸುವುದಿಲ್ಲ. ಸಂದೇಹಕ್ಕೆ ಆಸ್ಪದವೇ ಉಳಿಯಲಿಲ್ಲ.

ಅವರು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಹರಳನ್ನು ಹತ್ತಿಯಲ್ಲಿ ಸುತ್ತುತ್ತ, “ಆತು ಬಿಡ್ರಿ ಸರ. ಇದರ ಖರೇ ಹೆಸರು ಒಂದು ಚೀಟಿ ಮ್ಯಾಲೆ ಬರದು ಕೊಡ್ರಿ. ಆ ದಲಾಲ ಮತ್ತೇನಾರ ಅಂದರ ತೋರಸ್ತೀನಿ” ಎಂದರು. ಬರೆದುಕೊಟ್ಟೆ. ಅದೂ ಒಳ್ಳೆಯ ಹರಳೇ. ಅದಕ್ಕೂ ತಕ್ಕ ಬೆಲೆಯುಂಟು. ಅವರು ಹೋಗುವಾಗ ನೀರಿನ ಲೋಟ, ದಾರ, ತಕ್ಕಡಿಯ ವಿಧಾನವನ್ನು ಎರಡು ಸಲ ಹೇಳಿಸಿಕೊಂಡು ಹೋದರು. ಈಗ ಅವರ ಖಾಣಿಯ ಗುಡಿಸಲಿನಲ್ಲಿಯೂ ಒಂದು ತಕ್ಕಡಿ ಇದೆಯೆಂದು ಮಗ ಹೇಳುತ್ತಾನೆ.

ಬೆಳಗದ ಕಲ್ಲಿನ ಮಾತನ್ನೂ ಹೇಳಬೇಕು. ನಮ್ಮ ಪುಣೆಯ ಬಳಿಯ ವಾಘೋಲಿಯ ಖಾಣಿಗಳು ಕ್ಯಾವನ್ಸೈಟ್ ಎಂಬ ಅಚ್ಚನೀಲಿ ಖನಿಜಕ್ಕೆ ಜಗತ್ತಿನಲ್ಲಿಯೇ ಹೆಸರಾಗಿವೆ. ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕೇಟ್ ಎಂಬ ಮೂರು ಮಾತುಗಳ ತಲೆಯಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು. ಅಮೆರಿಕದ ಆರಿಗನ್ನಿನ ಮಾದರಿಗಳಿಂದ ಅದನ್ನು ಮೊದಲು ವರ್ಣಿಸಿದರು. ಬಿಳಿಯ ಸ್ಟಿಲ್ಬೈಟಿನ ಮೇಲೆ ನೀಲಿ ಗೊಂಡೆಗಳಂತೆ ಕುಳಿತಿರುವ ಆ ಹರಳುಗಳು ದೀಪದ ಕೆಳಗೆ ಒಂದಿಷ್ಟೂ ಬೆಳಗುವುದಿಲ್ಲ. 31ನೆಯ ಕಲ್ಲನ್ನು ತಂದ ಹುಡುಗ ಅದನ್ನು ‘ಸತ್ತ ಕಲ್ಲು’ ಎಂದು ಪಕ್ಕಕ್ಕೆ ಸರಿಸಿದ್ದ. ಅದರಲ್ಲಿರುವುದು ಸಾಸಿವೆ ಕಾಳಿನಷ್ಟೇ ಗಾತ್ರದ ಎರಡು ಗೊಂಡೆಗಳಾದರೂ ನಮ್ಮ ಕಪಾಟಿನಲ್ಲಿ ಅತ್ಯಂತ ಅಪರೂಪದ್ದು ಅದೇ! ಬೆಳಗದಿರುವುದೂ ಒಂದು ಗುಣವೇ. ಅದನ್ನೂ ಚೀಟಿಯಲ್ಲಿ ಬರೆಯಬೇಕು.

ನನ್ನ ಸ್ವಂತದ ಒಂದು ಕಲ್ಲನ್ನು ಈ ವರ್ಷ ಕಪಾಟಿಗೆ ಸೇರಿಸಿದ್ದೇನೆ. ಅದರ ವಿಚಾರವನ್ನು ಹಲವರು ಕೇಳಿದ್ದರಿಂದ ಇಲ್ಲಿ ಬರೆಯುತ್ತೇನೆ. ನನ್ನ ತಂದೆಯವರು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. 3 ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿದ್ದ ಆ ಗಣಿ 2001ರಲ್ಲಿ ಮುಚ್ಚಿತು. ಆಗ ನಾನು ಚಿಕ್ಕ ಹುಡುಗ. ಮನೆಯ ಗೂಡಿನಲ್ಲಿ ದೇವರ ಪಟದ ಬದಿಗೆ ಅವರು ಇಟ್ಟಿದ್ದ ಬಿಳಿಯ ಕಲ್ಲೊಂದು ಬಹುಕಾಲ ಹಾಗೆಯೇ ಇತ್ತು. ಅದರಲ್ಲಿ ಚಿನ್ನವಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಯಾರೂ ಅದನ್ನು ಬಿಸಾಡಲಿಲ್ಲ. ನಾನು ಪುಣೆಗೆ ಹೊರಟಾಗ ತಾಯಿಯವರು ಅದನ್ನು ನನ್ನ ಪೆಟ್ಟಿಗೆಯಲ್ಲಿಟ್ಟರು.

ಶಾಲೆಯ ದೀಪದ ಹ್ರಸ್ವತರಂಗದ ಕೆಳಗೆ ಆ ಬೆಣಚುಕಲ್ಲಿನೊಳಗಿನ ಅಕ್ಕಿಕಾಳಿನಷ್ಟು ಗಾತ್ರದ ಏಳೆಂಟು ಕಣಗಳು ನೀಲಿಬಿಳುಪಾಗಿ ಬೆಳಗಿದುವು. ಕಿಟಕಿಯ ಗಾಜನ್ನು ನಡುವೆ ಹಿಡಿದೊಡನೆ ಆರಿಹೋದುವು. ಕೋಲಾರದ ಚಿನ್ನದ ಅದುರಿನೊಡನೆ ಶೀಲೈಟ್ ಎಂಬ ಟಂಗ್‌ಸ್ಟನ್ನಿನ ಖನಿಜವೂ ಅಲ್ಪಸ್ವಲ್ಪವಾಗಿ ದೊರೆಯುವುದೆಂದು ಓದಿದ್ದೆ. ಶೀಲೈಟಿನ ನಡತೆಯೂ ಹೀಗೆಯೇ. ಆದರೆ ನೀಲಿಯಾಗಿ ಬೆಳಗುವ ಫ್ಲೋರೈಟೂ ಉಂಟು. ಕಣಗಳು ಬೆಣಚುಕಲ್ಲಿನಲ್ಲಿ ಹೂತಿರುವುದರಿಂದ ತಕ್ಕಡಿಯ ಉಪಾಯ ಇಲ್ಲಿ ನಡೆಯದು. ಉಕ್ಕಿನ ಚಾಕುವಿನ ತುದಿಗೆ ಕಣವು ಗೀರಿತು, ಪಕ್ಕದ ಬೆಣಚುಕಲ್ಲು ಗೀರಲಿಲ್ಲ. ಆಮ್ಲಕ್ಕೆ ನೊರೆ ಬರಲಿಲ್ಲ. ಅಂದಮೇಲೆ ಅದು ಬೆಣಚುಕಲ್ಲೂ ಅಲ್ಲ, ಕ್ಯಾಲ್ಸೈಟೂ ಅಲ್ಲ. ಫ್ಲೋರೈಟ್ ಇನ್ನೂ ಉಳಿದೇ ಇತ್ತು. ಅದರ ಗಟ್ಟಿತನ 4, ಶೀಲೈಟಿನದು 4.5ರಿಂದ 5, ಅಕ್ಕಿಕಾಳಿನಷ್ಟು ಕಣದಲ್ಲಿ ಈ ಅಂತರವನ್ನು ಕೈಯಿಂದ ಅಳೆಯುವುದು ನನ್ನಿಂದಾಗದು. ಆದಕಾರಣ ಒಂದು ಕಣವನ್ನು ಕಾಲೇಜೊಂದರ ಭೂವಿಜ್ಞಾನದ ಅಧ್ಯಾಪಕರಿಗೆ ಕಳುಹಿಸಿದೆ. ಅವರು ಎಕ್ಸ್-ರೇ ಯಂತ್ರದಲ್ಲಿಟ್ಟು ನೋಡಿ ಶೀಲೈಟ್ ಎಂದೇ ಬರೆದು ತಿಳಿಸಿದರು.

ಶೀಲೈಟಿನ ಬೆಳಕು ಅದರೊಳಗೆ ಸೇರಿದ ಮಾಲಿಬ್ಡಿನಮ್ಮಿನ ಪ್ರಮಾಣಕ್ಕೆ ತಕ್ಕಂತೆ ಬದಲಾಗುವುದು. ಮಾಲಿಬ್ಡಿನಂ ಇಲ್ಲದಿದ್ದರೆ ನೀಲಿ. ಸ್ವಲ್ಪ ಸೇರಿದರೆ ಬಿಳುಪು. ಇನ್ನೂ ಹೆಚ್ಚಾದರೆ ಹಳದಿ. ಟಂಗ್‌ಸ್ಟನ್ನಿನ ಜಾಗವೆಲ್ಲವನ್ನೂ ಮಾಲಿಬ್ಡಿನಮ್ಮೇ ತುಂಬಿದರೆ ಅದೇ ಪೊವೆಲೈಟ್! ಸುರಪುರದ ಆ ತಂದೆಯವರು ಹುಡುಕಿದ ನಾಸಿಕದ ಕಲ್ಲಿಗೂ ನಮ್ಮ ಮನೆಯ ಗೂಡಿನಲ್ಲಿದ್ದ ಕೋಲಾರದ ಕಲ್ಲಿಗೂ ಹೀಗೆ ದಾಯಾದಿಗಳ ಸಂಬಂಧ. ಟಂಗ್‌ಸ್ಟನ್ ಎಂದರೆ ಸ್ವೀಡಿಷ್ ಭಾಷೆಯಲ್ಲಿ ‘ಭಾರವಾದ ಕಲ್ಲು’ ಎಂದರ್ಥ. ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬ ರಸಾಯನಶಾಸ್ತ್ರಜ್ಞನು 1781ರಲ್ಲಿ ಈ ಖನಿಜದೊಳಗೆ ಹೊಸ ಆಮ್ಲವೊಂದನ್ನು ಕಂಡುದರಿಂದ ಇದಕ್ಕೆ ಅವನ ಹೆಸರು ಬಂದಿತು. ನಿಮ್ಮ ತಂದೆಯವರು ಖಾಣಿಯಲ್ಲಿ ಕಲ್ಲು ಕೊರೆಯುವ ಯಂತ್ರದ ಮೊನೆಯಲ್ಲಿರುವುದೂ ಟಂಗ್‌ಸ್ಟನ್ ಕಾರ್ಬೈಡೇ. ನನ್ನ ತಂದೆಯವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. “ಅಂಗಾದ್ರೆ ಅದು ಬರೀ ಕಲ್ಲಲ್ಲ ಅನ್ನು” ಎಂದಷ್ಟೇ ಅಂದರು.

ಈ ವರ್ಷದಿಂದ ಚೀಟಿಗಳನ್ನು ಬೇರೆ ಕ್ರಮದಲ್ಲಿ ಬರೆಯುತ್ತಿದ್ದೇವೆ. ಮೊದಲು ಕಲ್ಲು ಸಿಕ್ಕ ಜಾಗ, ದಿನಾಂಕ, ತಂದವರ ಹೆಸರು. ಇವನ್ನು ಶಾಯಿಯಲ್ಲಿ ಬರೆಯತಕ್ಕದ್ದು. ಏಕೆಂದರೆ ಕಲ್ಲಿನ ಹೆಸರನ್ನು ಯಾವಾಗ ಬೇಕಾದರೂ ಮತ್ತೆ ಪರೀಕ್ಷಿಸಿ ತಿಳಿಯಬಹುದು. ಸಿಕ್ಕ ಜಾಗವನ್ನು ಮರೆತರೆ ಯಾವ ಯಂತ್ರವೂ ಅದನ್ನು ಹೇಳದು. ಆಮೇಲೆ ಎರಡೂ ದೀಪಗಳ ಕೆಳಗೆ ಕಂಡ ಬಣ್ಣ, ಆರಿಸಿದ ಮೇಲೆ ಉಳಿದ ಬೆಳಕು, ಗಟ್ಟಿತನ, ಆಮ್ಲದ ಫಲ, ಸಾಧ್ಯವಾದರೆ ಸಾಂದ್ರತೆ. ಖನಿಜದ ಹೆಸರು ಕೊನೆಯ ಸಾಲಿನಲ್ಲಿ, ಪೆನ್ಸಿಲಿನಲ್ಲಿ. ಖಾಣಿಯೊಳಗೆ ನೀವಾಗಿಯೇ ಕಲ್ಲು ಆರಿಸಲು ಹೋಗಬಾರದೆಂಬುದನ್ನು ಮತ್ತೊಮ್ಮೆ ಹೇಳುತ್ತೇನೆ. ಅಲ್ಲಿ ಸುರಂಗದ ಮದ್ದು ಹಾರಿಸುವ ಹೊತ್ತು ನಿಮಗೆ ತಿಳಿಯದು. ದೊಡ್ಡವರು ತಂದುಕೊಟ್ಟುದೇ ಸಾಕು.

42ರಲ್ಲಿ 35 ಕಲ್ಲುಗಳಿಗೆ ಹೀಗೆ ಹೆಸರು ಸಿಕ್ಕಿದೆ. ಉಳಿದ ಏಳರಲ್ಲಿ 17ನೆಯದು ವಿಚಿತ್ರವಾಗಿದೆ: ದೀರ್ಘತರಂಗದ ಕೆಳಗೆ ಮಂಕಾದ ಕಿತ್ತಳೆ ಬಣ್ಣ, ಹ್ರಸ್ವತರಂಗದ ಕೆಳಗೆ ಏನೂ ಇಲ್ಲ, ಆಮ್ಲಕ್ಕೆ ನೊರೆಯಿಲ್ಲ, ಎರಡು ಸಲ ತೊಳೆದರೂ ಬಣ್ಣ ಹೋಗಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಯವರು ಮೊದಲು ಅದನ್ನೇ ಎತ್ತಿಕೊಳ್ಳಿರಿ. ತಕ್ಕಡಿಗೆ ಹೊಸ ಸೆಲ್ಲುಗಳನ್ನು ನಾನು ತಂದಿಡುತ್ತೇನೆ.